ಮಂಚಯ್ಯ ತಲೆ ಎತ್ತಿದ್ದು

ಬೆಳ್ಳೂರು ಕ್ರಾಸಿನ ಹೋಟೆಲ್ಲು, ಗ್ಯಾರೇಜುಗಳ ಬೋರ್ಡೆಲ್ಲ ಮಂಚಯ್ಯನ ಕೈಬರಹವೇ. ಟ್ರಾಕ್ಟರಿನ ಹಿಂದೆ ಹುಲಿ ಬರೆದರೆ ಹಿಂದೆ ಬರುವ ದನ ಬೆದರಬೇಕು, ಅಂಥ ಕೈ. ತೊಂಬತ್ಮೂರರಲ್ಲಿ ಹೊಣಕೆರೆ ಕಡೆಯ ಸಣ್ಣ ಮಠವೊಂದು ತನ್ನ ಹಿರಿಯ ಸ್ವಾಮಿಗಳ ಆಳೆತ್ತರದ ಚಿತ್ರ ಬರೆಯಲು ಅವನನ್ನು ಕರೆಯಿತು. ಆಸಾಮಿ ಹಿಗ್ಗಿ ಹೀರೇಕಾಯಿಯಾದ. ಬರೀ ಬೋರ್ಡು ಬರೆಯುವವನು ಅನ್ನಿಸಿಕೊಂಡೇ ಸಾಯಬಾರದೆಂಬುದು ಅವನ ಬಹುದಿನದ ಆಸೆ.

ಮೊದಲು ಪೆನ್ಸಿಲಿನಲ್ಲಿ ಕರಡು ತೋರಿಸಬೇಕಿತ್ತು. ಸ್ವಾಮಿಗಳ ಮುಂದೆ ಕೂತು ಬರೆದು ತಂದ ಹಾಳೆ ನೋಡಿ ಮಠದ ಮೇನೇಜರ್ ನಾಗರಾಜು ಹುಬ್ಬು ಗಂಟಿಕ್ಕಿದ. ಪೀಠ, ಕಾವಿಯ ನಿರಿಗೆ, ಒಡೆದ ಹಿಮ್ಮಡಿ, ನಡುಕ ಅಡಗಿಸಲು ಬೆತ್ತವನ್ನು ಬಿಗಿಯಾಗಿ ಹಿಡಿದ ಬೆರಳು, ಎಲ್ಲಕ್ಕೂ ಜೀವವಿತ್ತು. ಮುಖ ಮಾತ್ರ ಯಾವುದೋ ಕ್ಯಾಲೆಂಡರಿನ ಋಷಿಯದು! ಸ್ವಾಮಿಗಳೆಂದರೆ ಸಿಂಹದ ಹಾಗಿರಬೇಕು, ಆಗದಿದ್ದರೆ ಮೈಸೂರಿನವರನ್ನು ಕರೆಸುತ್ತೇವೆ ಎಂದುಬಿಟ್ಟ. ಮಂಚಯ್ಯ ಹಾಳೆ ಸುತ್ತಿಕೊಳ್ಳತೊಡಗಿದ.

ಸ್ವಾಮಿಗಳು ಹಾಳೆ ತರಿಸಿಕೊಂಡು ನೋಡಿ, ಕೈಕಾಲು ಇಷ್ಟು ಚೆನ್ನಾಗಿ ಬಂದು ಮುಖ ಯಾಕೆ ತಪ್ಪಿತು ಎಂದು ಕೇಳಿದರು.

"ಮಖ ನೋಡೇ ಇಲ್ಲ, ಬುದ್ಧಿ," ಎಂದ ಮಂಚಯ್ಯ, ನೆಲ ನೋಡುತ್ತಲೇ. "ದೊಡ್ಡೋರನ್ನ ಕಣ್ಣೆತ್ತಿ ನೋಡ್ಬಾರ್ದು ಅಂತ ನಮ್ಮವ್ವ ಏಳ್ಕೊಟ್ಟವ್ಳೆ. ಚಿಕ್ಕುಡ್ಗನಿಂದ ನಿಮ್ಮ ಪಾದಾನೇ ನೋಡಿರೋದು."

ಎಲಾ ಇವನ! ಎದುರಿಗೇ ಕೂತು ಬರೆದವನು ತಲೆಯನ್ನೇ ಎತ್ತಿರಲಿಲ್ಲ. ನಾಗರಾಜು ಕಿಸಕ್ಕೆಂದು ನಕ್ಕ. ಸ್ವಾಮಿಗಳು ಮೇನೇಜರನ್ನು ಹೊರಗೆ ಕಳಿಸಿ, ಪೇಟ ತೆಗೆದು ಪಕ್ಕಕ್ಕಿಟ್ಟರು.

"ತಲೆ ಎತ್ತಪ್ಪ. ಈ ಪೀಠದ ಮೇಲೆ ಕೂತಾಗಿಂದ ಯಾರೂ ನನ್ನ ಮುಖ ನೋಡಿಲ್ಲ. ನೀನಾದ್ರೂ ನೋಡು."

ಮಂಚಯ್ಯ ನೋಡಿದ. ಒಂದು ಮಾತಿಗೆ ಊರಿಗೆ ಊರೇ ಕೈಕಟ್ಟಿ ನಿಲ್ಲುವ ಮನುಷ್ಯನ ಕಣ್ಣಿನಡಿ ನಿದ್ದೆಗೆಟ್ಟ ಗುಳಿ, ನೆತ್ತಿಯ ಮೇಲೆ ಎಳೆಗೂಸಿನ ಹಾಗೆ ನಾಲ್ಕು ಕೂದಲು. ಇಷ್ಟು ದಿನ ಹೆದರಿದ್ದು ಇವರಿಗಾ ಅನಿಸಿತು. ಹಿಂದೆಯೇ ಅಕ್ಕರೆ ಉಕ್ಕಿ ಬಂತು. ರಬ್ಬರಿನಿಂದ ಋಷಿಯನ್ನು ಉಜ್ಜಿಹಾಕಿ ಅಲ್ಲೇ ಹೊಸ ಮುಖ ಬರೆದ. ಸ್ವಾಮಿಗಳು ಬಹಳ ಹೊತ್ತು ನೋಡಿ, ಇದನ್ನೇ ದೊಡ್ಡದು ಮಾಡಪ್ಪ ಎಂದರು. ನಾಗರಾಜುವಿನ ಸಿಂಹ ಕಾಡು ಸೇರಿತು.

ಆ ವರ್ಷದ ಹಬ್ಬಕ್ಕೆ ಚಿತ್ರ ಮಠದ ಗೋಡೆ ಏರಿತು. ಅದರಡಿ ಕೂತ ಸ್ವಾಮಿಗಳಿಗೆ ಅಡ್ಡಬೀಳಲು ನಿಂತ ಸಾಲಿನಲ್ಲಿ ಎಲ್ಲರ ತಲೆಯೂ ಬಗ್ಗಿತ್ತು. ಮಂಚಯ್ಯ ತನ್ನ ಸರದಿ ಬಂದಾಗ ಮೊದಲು ಮುಖ ನೋಡಿದ, ಆಮೇಲೆ ಪಾದ ಮುಟ್ಟಿದ.

"ಉಂಡ್ರಾ, ಬುದ್ಧಿ?"

ಸಾಲಿನಲ್ಲಿದ್ದವರು ಉಸಿರು ಬಿಗಿಹಿಡಿದರು. ಸ್ವಾಮಿಗಳು ಮಾತ್ರ, ಇನ್ನೂ ಇಲ್ಲ ಕಣಪ್ಪ ಎಂದು ಬಾಯ್ತುಂಬ ನಕ್ಕರು.