ನನ್ನ ಪರಿಚಯ, ಅವರಿಗೆ ಶಾಲು

ಗೆಳತಿಯರೇ, ಕೂತಲ್ಲಿ ಕೂರಲಾಗುತ್ತಿಲ್ಲ, ಹೇಳಿಬಿಡುತ್ತೇನೆ. ಇವತ್ತು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಶಾಲಾ ಅಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಹೊಸ ಸದಸ್ಯರಿಗೆ ಸನ್ಮಾನ. ಸದಸ್ಯೆ ನಾನು. ಹೆಡ್‌ಮಾಸ್ತರರು ಮೈಕಿನಲ್ಲಿ ನನ್ನ ಪರಿಚಯ ಓದಿದರು: "ಇದೇ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವರು. ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದ ಮೂವರು ಹುಡುಗಿಯರನ್ನು ಮತ್ತೆ ಶಾಲೆಗೆ ಕರೆತಂದವರು."

ನಾನು ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಗಂಡ ಎದ್ದು ಕೈಮುಗಿದರು. ಕುರುಗೋಡಿನಿಂದ ತರಿಸಿದ್ದ ಶಾಲು ಅವರ ಹೆಗಲಿಗೇ ಬಿತ್ತು!

"ಸರ್, ಸದಸ್ಯೆ ನಾ ಅದೀನ್ರಿ" ಎಂದೆ.

"ಯಾರಿಗಿ ಹಾಕಿದ್ರೇನ್ರಿ ಅಕ್ಕಾರ, ಇಬ್ರೂ ಒಂದ ಅಲ್ಲೇನು?" ಎಂದು ಹೆಡ್‌ಮಾಸ್ತರರು ನಕ್ಕರು.

ಮನೆಗೆ ಬಂದರೂ ಗಂಡ ಶಾಲು ತೆಗೆದಿಲ್ಲ. ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ನಾಳೆ ನಾನೇ ಹೋಗಿ ಹಾಕಿಸಬೇಕೆಂದಿದ್ದೆ. ಇಬ್ಬರೂ ಒಂದೇ ಅಂದಮೇಲೆ, ಶಾಲು ಹೊದ್ದವರೇ ಸುತ್ತಿಗೆ ಹಿಡಿದುಕೊಂಡು ಹೋಗಲಿ.