ಶೇಷಮ್ಮ ಕಿತ್ತ ವೈರುಗಳು

ರೈಲಿನ ಕೊಂಡಿ ಠಣ್ ಎಂದಿತು. ಹಳಿ ತಾಳಗುಪ್ಪದಲ್ಲೇ ಮುಗಿಯುವುದರಿಂದ ಇಂಜಿನ್ನು ಬೋಗಿಗಳನ್ನು ಬಿಟ್ಟು, ಪಕ್ಕದ ಹಳಿಯಲ್ಲಿ ಬಂದು, ಇನ್ನೊಂದು ತುದಿಗೆ ಕಚ್ಚಿಕೊಳ್ಳಬೇಕು. ನಿಲ್ದಾಣದ ಹಿಂದಿನ ಮನೆಯ ಸ್ವಪ್ನಾಳಿಗೆ ಆ ಸದ್ದೇ ಗಡಿಯಾರ. ಬ್ಯಾಗು ಹೆಗಲಿಗೇರಿಸಿ ಸ್ಕೂಟರ್ ಹತ್ತುತ್ತಾಳೆ. ಸಾಗರ, ಹೊಸನಗರದ ಕಡೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚೆಂಬ ಡಬ್ಬಿ ಕೆಟ್ಟರೆ ಅವಳನ್ನೇ ಕರೆಯುತ್ತಾರೆ. ಕೆಲಸ ಕಲಿಸಿದ ನಾಗೇಂದ್ರಣ್ಣನ ಮಾತು ಅವಳಿಗೆ ಈಗಲೂ ದೀಪ: "ಪೋರ್ಟನ್ನ ಬೈಯೋ ಮೊದ್ಲು ವೈರನ್ನ ವಿಚಾರಿಸು." ಪೋರ್ಟೆಂದರೆ ಡಬ್ಬಿಯಲ್ಲಿ ವೈರು ಸಿಕ್ಕಿಸುವ ತೂತು.

ಅಂದು ಕರೆದದ್ದು ಹೊಳೆಬಾಗಿಲು ರಸ್ತೆಯ ಚಿಕ್ಕ ಆಸ್ಪತ್ರೆ. ಹಿಂದಿನ ಸಂಜೆ ಸಿಡಿಲು ಬಡಿದಿತ್ತು; ಬೆಳಿಗ್ಗೆಯಿಂದ ಇಂಟರ್‌ನೆಟ್ ಇಲ್ಲ. ಬೆಂಚಿನ ಮೇಲೆ ವರದಮ್ಮ ಹುಣ್ಣಾದ ಕಾಲು ಚಾಚಿ ಕೂತಿದ್ದರು. ಹನ್ನೊಂದಕ್ಕೆ ಶಿವಮೊಗ್ಗದ ಡಾಕ್ಟರು ವಿಡಿಯೋದಲ್ಲಿ ನೋಡಬೇಕು. ತಪ್ಪಿದರೆ ಮುಂದಿನ ವಾರ. ಹುಣ್ಣು ಅಲ್ಲಿಯವರೆಗೆ ಕಾಯುವಂತಿರಲಿಲ್ಲ.

"ಪೋರ್ಟು ಸಿಡಿಲಿಗೆ ಹೋಗಿದೆ" ಎಂದ ಕಂಪೌಂಡರ್ ಶ್ರೀಶ.

"ತಿಥಿ ಆಮೇಲೆ ಮಾಡಣ ಮಾರಾಯ, ಮೊದ್ಲು ನಾಡಿ ನೋಡಕ್ಕೆ ಬಿಡು."

ಸ್ವಪ್ನಾ ಡಾಕ್ಟರ ಕೋಣೆಯ ವೈರನ್ನು ಪಕ್ಕದ ಪೋರ್ಟಿಗೆ ಹಾಕಿದಳು. ಏನೂ ಬದಲಾಗಲಿಲ್ಲ. ಅಂದರೆ ತಪ್ಪು ಆ ಪೋರ್ಟಿನದಲ್ಲ. ದೀಪಗಳೆಲ್ಲ ಹುಚ್ಚು ಹಿಡಿದಂತೆ ಒಟ್ಟಿಗೆ ಮಿಣುಕುತ್ತಿದ್ದವು. ಒಂದೊಂದೇ ವೈರು ಕೀಳುತ್ತಾ ಹೋದಳು. ರಿಪೇರಿಗೆ ಹೋಗಿದ್ದ ಪ್ರಿಂಟರಿನ ವೈರು ಕಿತ್ತದ್ದೇ ತಡ, ದೀಪಗಳು ಸಮಾಧಾನಕ್ಕೆ ಬಂದವು. ನೋಡಿದರೆ ಅದರ ಇನ್ನೊಂದು ತುದಿಯೂ ಅದೇ ಡಬ್ಬಿಯಲ್ಲಿ! ಕಂಪ್ಯೂಟರುಗಳು ಕಳಿಸಿದ್ದೆಲ್ಲ ಹೊರಗೆ ಹೋಗದೆ ಅಲ್ಲೇ ಸುತ್ತಿ ದಾರಿ ಕಟ್ಟಿತ್ತು.

"ನಾನೇ ಕಣೆ," ಪೊರಕೆ ಹಿಡಿದ ಆಯಾ ಶೇಷಮ್ಮ ಮೆಲ್ಲಗೆಂದರು. "ಗುಡುಗ್ತು ಅಂತ ಎಲ್ಲ ಕಿತ್ತಿದ್ದೆ. ಬೆಳಿಗ್ಗೆ ಹಾಕೋವಾಗ ಒಂದು ತುದಿ ನೇತಾಡ್ತಿತ್ತು. ಇಲಿ ಕಡಿಯುತ್ತೆ ಅಂತ ಖಾಲಿ ತೂತಿಗೆ ಸೇರಿಸ್ದೆ."

"ಶೇಷಮ್ಮನ ಸಿಡಿಲು!" ಶ್ರೀಶ ನಕ್ಕ.

"ನಗಬೇಡ," ಎಂದಳು ಸ್ವಪ್ನಾ. "ಪಕ್ಕದೂರಲ್ಲಿ ಯಾರೂ ಕೀಳ್ಲಿಲ್ಲ, ಡಬ್ಬಿ ಕರಕಲಾಗಿದೆ. ಇಲ್ಲಿ ಎಲ್ಲಾ ಉಳಿದಿದ್ದು ಇವರಿಂದ."

ಶೇಷಮ್ಮನ ಮುಖ ಅರಳಿತು. ಅಷ್ಟರಲ್ಲಿ ಕೋಣೆಯ ವಿಡಿಯೋದಿಂದ ಶಿವಮೊಗ್ಗದ ಡಾಕ್ಟರ ದನಿ ಕೇಳಿತು: "ಕಾಲು ಹತ್ತಿರ ತನ್ನಿ ಅಮ್ಮಾ."

"ಮುಖಕ್ಕೇ ಕಾಲು ತೋರ್ಸೋದಾ? ಪಾಪ ಸುತ್ಕೊಳುತ್ತೆ!" ಎಂದರು ವರದಮ್ಮ.

"ತೋರಿಸದಿದ್ರೆ ಕಾಲೇ ಹೋಗುತ್ತೆ" ಎಂದರು ಡಾಕ್ಟರು.

ತೋರಿಸಿದರು. ಡಾಕ್ಟರು ಔಷಧಿ ಬದಲಿಸಿದರು. ಇವತ್ತೇ ನೋಡಿದ್ದು ಒಳ್ಳೆಯದಾಯಿತು, ಕಾಲಿಗೆ ಭಯವಿಲ್ಲ ಎಂದರು. ಬಾಗಿಲಲ್ಲಿ ನಿಂತಿದ್ದ ಸ್ವಪ್ನಾಳ ಉಸಿರು ಹಗುರಾಯಿತು.

"ನಿನ್ನಿಂದ ಆಯ್ತು ಮಗಾ," ಎಂದು ಶೇಷಮ್ಮ ಕೈ ಹಿಡಿದರು.

"ನನ್ನಿಂದಲ್ಲ. ನೀವು ಬಾಯಿಬಿಟ್ಟು ಹೇಳಿದ್ರಲ್ಲ, ಅದು ದೊಡ್ಡದು. ಇನ್ನು ಗುಡುಗಿದ್ರೆ ಧೈರ್ಯವಾಗಿ ಕಿತ್ತಾಕಿ, ಆದ್ರೆ ವಾಪಸ್ ಹಾಕೋವಾಗ ಮಾತ್ರ ನೇತಾಡೋ ತುದೀನ ನೇತಾಡಕ್ಕೇ ಬಿಡಿ" ಎನ್ನುತ್ತಲೇ ಅವಳು ಹೆಲ್ಮೆಟ್ ಏರಿಸಿ, ಮೆಟ್ಟಿಲಿಳಿದು ನಡೆದಳು.