ಒಂದೆಲಗದ ಪಾತಿಗೆ ಬಂದ ಬಸವನಹುಳು

ಸುಗಂಧಿ ವನಜಳನ್ನು ಮೊದಲು ಕಂಡದ್ದು ಬೈಂದೂರಿನಲ್ಲಿ, ಮೈದುನ ರತ್ನಾಕರನಿಗೆ ಹೆಣ್ಣು ನೋಡಲು ಹೋದ ದಿನ. ಹನ್ನೊಂದು ಗಂಟೆಯ ಬಿಸಿಲು. ವನಜ ಹಸಿರು ಸೀರೆಯುಟ್ಟು ಸ್ಟೀಲ್ ತಟ್ಟೆಯಲ್ಲಿ ಬೆಲ್ಲದ ಪಾನಕ ತಂದಳು. ಮೊದಲ ಲೋಟ ಅತ್ತೆ ಸರಸಮ್ಮನಿಗೆ, ಎರಡನೆಯದು ಸುಗಂಧಿಗೆ. "ತಕಣಿ ಅಕ್ಕ" ಎಂದಾಗ ಅವಳ ಬಲಗೈಯ ಎರಡು ಗಾಜಿನ ಬಳೆ ಲೋಟಕ್ಕೆ ತಾಗಿ ಸದ್ದಾಯಿತು. ಅಷ್ಟಕ್ಕೇ ಸುಗಂಧಿಗೆ ಹುಡುಗಿ ಹಿಡಿಸಿದ್ದಳು.

ಆಮೇಲೆ ಎಲ್ಲರೂ ಅಂಗಳಕ್ಕೆ ಇಳಿದರು. ಅಲ್ಲಿ ತಾವರೆ ಬೆಳೆಸಿದ ಸಿಮೆಂಟ್ ತೊಟ್ಟಿ. ಅದರ ಗೋಡೆಗೆ ಅಂಟಿಕೊಂಡು ನಿಂಬೆಹಣ್ಣಿನಷ್ಟು ದೊಡ್ಡ, ಅರಿಸಿನ ಬಣ್ಣದ ಬಸವನಹುಳುಗಳು ತೆವಳುತ್ತಿದ್ದವು. ಕುಂದಾಪುರದ ಅಲಂಕಾರ ಮೀನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಣ್ಣ ರತೀಶ್ ತಂದುಕೊಟ್ಟದ್ದು, ಪಾಚಿ ತಿಂದು ತೊಟ್ಟಿ ಚೊಕ್ಕ ಮಾಡುತ್ತದೆ ಎಂದಳು ವನಜ. ಸರಸಮ್ಮ ಸೊಂಟದ ಮೇಲೆ ಕೈಯಿಟ್ಟು ಬಗ್ಗಿದರು.

"ಹ್ವಾಯ್, ಕಾಣಿ ಇಲ್ಲ್! ಬಂಗಾರದ್ ಗುಂಡಿನಂಗೆ ಇತ್ತಲೆ!"

ಹತ್ತು ವರ್ಷ ಗಂಡನ ಮನೆಯಲ್ಲಿ ಬೇಯಿಸಿ ಬಡಿಸಿದ ಸುಗಂಧಿ ಅತ್ತೆಯ ಬಾಯಿಂದ ಅಂಥ ಉದ್ಗಾರ ಕೇಳಿದ್ದೇ ಇಲ್ಲ. ಪಾನಕದ ಸಿಹಿ ಗಂಟಲಲ್ಲೇ ಹುಳಿಯಾಯಿತು.

ಮದುವೆಯಾಗಿ ವನಜ ಕೋಟೇಶ್ವರದ ಹತ್ತಿರದ ಈ ಮನೆಗೆ ಬಂದಳು. ತೊಟ್ಟಿಯ ಹುಳುಗಳೂ ಬಕೆಟಿನಲ್ಲಿ ಬಂದವು, ಹಿತ್ತಿಲಲ್ಲಿ ಹೊಸ ತೊಟ್ಟಿ ಎದ್ದಿತು. ಊಟವಾದ ಮೇಲೆ ಸರಸಮ್ಮ ಎಲೆಯಡಿಕೆ ಹಿಡಿದು ಅಲ್ಲೇ ಕೂರುತ್ತಿದ್ದರು. ವನಜ ಪಕ್ಕದಲ್ಲಿ ಕೂತು ಬೈಂದೂರಿನ ಸುದ್ದಿ ಹೇಳಿ ನಗಿಸುತ್ತಿದ್ದಳು. ಪಾತ್ರೆ ತಿಕ್ಕುತ್ತಿದ್ದ ಸುಗಂಧಿಗೆ ಆ ನಗು ಒಂದೊಂದೂ ಲೆಕ್ಕಕ್ಕೆ ಸಿಗುತ್ತಿತ್ತು.

ಅವಳ ಪಾಲಿಗೆ ಉಳಿದದ್ದು ಒಂದೇ, ಒಂದೆಲಗದ ತಂಬುಳಿ. ಗದ್ದೆಯ ತಲೆಯಲ್ಲಿದ್ದ ಪುಟ್ಟ ಕೆರೆ ಮದಗದ ದಡದಲ್ಲಿ ಅವಳದೇ ಒಂದೆಲಗದ ಪಾತಿ ಇತ್ತು. ಸೊಪ್ಪು ಕೊಯ್ದು, ಮದಗದ ನೀರಿಗೇ ಅದ್ದಿ ತೆಗೆದು, ಬಾಳೆನಾರಿನಲ್ಲಿ ಕಟ್ಟಿ ಕೋಟೇಶ್ವರದ ಪೇಟೆಯಲ್ಲಿ ಮಾರುತ್ತಿದ್ದಳು. ಒಂದು ಕಟ್ಟು ಮನೆಗೆ. ಹಸಿ ಎಲೆಯನ್ನು ತೆಂಗಿನಕಾಯಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಸರಸಮ್ಮ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. "ತಂಬ್ಳಿ ಮಾತ್ರ ಸುಗಂಧಿ ಕೈದೇ ಆಯ್ಕ್" ಎನ್ನುತ್ತಿದ್ದರು.

ಅದೂ ಅವಳಿಗೆ ಸಾಲಲಿಲ್ಲ. ವನಜ ತವರಿಗೆ ಹೋದ ಒಂದು ಮಧ್ಯಾಹ್ನ ತೊಟ್ಟಿಯಿಂದ ಆರು ಹುಳು ತೆಂಗಿನ ಗೆರಟೆಗೆ ಹಾಕಿಕೊಂಡು ಹೋಗಿ ಮದಗಕ್ಕೆ ಬಿಟ್ಟಳು. ಅತ್ತೆ ತನ್ನ ಮದಗದ ದಂಡೆಗೂ ಬಂದು ಕೂರಲಿ ಎಂಬುದಷ್ಟೇ ಆಸೆ. ಸರಸಮ್ಮ ಒಂದೇ ಸಲ ಬಂದರು. "ಕೆಸ್ರಲ್ಲ್ ಎಂತ ಕಾಂತಿಲ್ಲೆ. ವನಜನ್ ತೊಟ್ಟಿಯೇ ಚಂದ" ಎಂದು ಹೋದರು.

ಎರಡು ಮಳೆಗಾಲ ಕಳೆಯಿತು. ಮದಗದ ಜೊಂಡಿನ ಮೇಲೆಲ್ಲ ಬಸವನಹುಳುವಿನ ಗುಲಾಬಿ ಬಣ್ಣದ ಮೊಟ್ಟೆಯ ಗೊಂಚಲು. ಗದ್ದೆಗೆ ನೆಟ್ಟ ಭತ್ತದ ಎಳೆ ನೇಜಿ ಬೆಳಗಾಗುವಷ್ಟರಲ್ಲಿ ಹುಳು ಕಡಿದು ಬುಡ ತುಂಡಾಗಿ ತೇಲುತ್ತಿತ್ತು. ಸುಗಂಧಿಯ ಗಂಡ ಚಂದ್ರ ಗದ್ದೆಯಿಂದ ಬಂದವನೇ ಹಿತ್ತಿಲಲ್ಲಿ ಕೂಗಾಡಿದ.

"ಎಲ್ಲ ಆ ತೊಟ್ಟಿದೇ! ಮಳಿಗ್ ಉಕ್ಕಿ ಹರ್ದ್ ಬಂದದ್ದ್!"

ಸುಗಂಧಿ ಪಾತ್ರೆ ತಿಕ್ಕುತ್ತಲೇ ಇದ್ದಳು. ವನಜ ಅಳುತ್ತಲೇ ತೊಟ್ಟಿಯ ಹುಳುಗಳನ್ನೆಲ್ಲ ಹೆಕ್ಕಿ, ಬಿಸಿನೀರಿಗೆ ಹಾಕಿ, ಹೊಂಡ ತೋಡಿ ಹೂತಳು. ಆ ದಿನ ಸುಗಂಧಿಗೆ ಅನ್ನ ರುಚಿಸಿತು.

ಮರುವರ್ಷ ಸೋಣೆ ತಿಂಗಳಲ್ಲಿ, ಮಳೆ ತಗ್ಗುವ ಹೊತ್ತಿಗೆ, ಸರಸಮ್ಮನಿಗೆ ತಲೆನೋವು ಶುರುವಾಯಿತು. ಮಾತ್ರೆಗೆ ಬಗ್ಗಲಿಲ್ಲ. ಕುತ್ತಿಗೆ ಸೆಟೆಯಿತು, ಸೀರೆ ತಾಗಿದರೂ ಚರ್ಮ ಉರಿಯಿತು. ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರು ಎಲ್ಲರನ್ನೂ ಕರೆದು ಕೂರಿಸಿದರು.

"ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಹುಳು ಇದೆ. ಇಲಿಯ ಹಿಕ್ಕೆಯಿಂದ ಅದರ ಮರಿ ಬಸವನಹುಳುವಿಗೆ ಬರುತ್ತದೆ. ಅಲ್ಲಿಂದ ಮನುಷ್ಯರ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಗೆ ಏರುತ್ತದೆ. ಇವರಿಗೆ ಅದೇ ಇರಬೇಕು ಅಂತ ನಮ್ಮ ಅನುಮಾನ. ಮನೆಯಲ್ಲಿ ಬಸವನಹುಳು ಇತ್ತಾ?"

ಎಲ್ಲರ ಕಣ್ಣೂ ವನಜಳ ಮೇಲೆ.

"ಹೋದ್ ವರ್ಷವೇ ಕೊಂದ್ ಹೂತ್ ಹಾಕ್ದೆ, ಡಾಕ್ಟ್ರೇ" ಎಂದಳು ಅವಳು. "ಅತ್ತೆ ಮುಟ್ಟಿದ್ದೂ ಇಲ್ಲೆ."

"ಮುಟ್ಟಿದರೆ ಬರುವುದಲ್ಲಮ್ಮ, ಬಾಯಿಗೆ ಹೋಗಬೇಕು. ಹಸಿಯಾಗಿ ಏನು ತಿನ್ನುತ್ತಾರೆ? ಊರಲ್ಲಿ ಇನ್ಯಾರಾದರೂ ಅದನ್ನೇ ತಿನ್ನುತ್ತಿದ್ದರೆ ಅವರಿಗೂ ಬರಬಹುದು."

"ಹಸಿ ಎಂತದೂ ಇಲ್ಲೆ" ಎಂದ ರತ್ನಾಕರ. ಚಂದ್ರನೂ ತಲೆಯಾಡಿಸಿದ. ತಂಬುಳಿ ಯಾರ ನೆನಪಿಗೂ ಬರಲಿಲ್ಲ. ಒಂದೆಲಗ ಅವರಿಗೆ ತಲೆ ತಂಪು ಮಾಡುವ ಮದ್ದು, ಮದ್ದನ್ನು ಯಾರು ಅನುಮಾನಿಸುತ್ತಾರೆ?

ಸುಗಂಧಿಗೆ ಮಾತ್ರ ನೆನಪಾಯಿತು. ಎಲೆಯ ಕೆಳಬದಿಗೆ ಅಂಟಿರುತ್ತಿದ್ದ ಸಾಸಿವೆಯಷ್ಟು ಮರಿ ಬಸವನಹುಳುಗಳನ್ನು ಅವಳು ಕಂಡಿದ್ದಳು, ಕಲ್ಲಿನ ಚೂರೆಂದು ಮೇಲೆ ಮೇಲೆ ಉಜ್ಜಿ ಬಿಟ್ಟಿದ್ದಳು. ಸುಮ್ಮನಿದ್ದರೆ ತಪ್ಪು ವನಜಳ ತಲೆಯ ಮೇಲೇ ಉಳಿಯುತ್ತಿತ್ತು. ಹೇಳಿದರೆ ತನಗಿದ್ದ ಒಂದೇ ಹೊಗಳಿಕೆಯನ್ನು ತಾನೇ ಕಿತ್ತೊಗೆದಂತೆ. ಆದರೆ ನಾಳೆ ಬೆಳಿಗ್ಗೆ ಕೋಟೇಶ್ವರದ ಗಿರಾಕಿಗಳು ಅವಳ ಕಟ್ಟಿಗೆ ಕಾಯುತ್ತಾರೆ.

"ತಂಬ್ಳಿ" ಎಂದಳು. ಯಾರಿಗೂ ಕೇಳಿಸಲಿಲ್ಲ. "ಒಂದೆಲಗದ್ ತಂಬ್ಳಿ, ಡಾಕ್ಟ್ರೇ. ಹಸಿ ಸೊಪ್ಪ್. ನಾನೇ ಅರ್ದದ್ದ್. ಆ ಮದ್ಗಕ್ಕೆ ಹುಳ ಬಿಟ್ಟದ್ದೂ ನಾನೇ."

ಚಂದ್ರ ಎದ್ದು ನಿಂತ. "ನೀನಾ? ಎಂತಕ್ಕೆ?"

"ವನಜನ್ ಹತ್ರ ಇತ್ತಲೆ, ಅದ್ಕೆ" ಎಂದಳು ಸುಗಂಧಿ.

ಸರಸಮ್ಮ ತಿಂಗಳ ಮೇಲೆ ಮನೆಗೆ ಬಂದರು, ಗೋಡೆ ಹಿಡಿದು ನಡೆಯುವಷ್ಟಾದರು. ವನಜ ಒಂದು ಬಿರುಸಿನ ಮಾತೂ ಆಡಲಿಲ್ಲ. "ಅಕ್ಕ ಹೇಳಿದ್ದಕ್ಕೆ ಅತ್ತೆ ಉಳ್ದ್ರ್" ಎಂದು ನೆಂಟರಿಗೆಲ್ಲ ಹೇಳಿದಳು. ಊರು ಅವಳ ದೊಡ್ಡ ಮನಸ್ಸನ್ನು ಹೊಗಳಿತು. ಬೈದಿದ್ದರೆ ಸುಗಂಧಿಗೆ ಹಗುರಾಗುತ್ತಿತ್ತು, ಈ ಕ್ಷಮೆಯಲ್ಲೂ ಅವಳೇ ಮೇಲಾದಳಲ್ಲ ಎಂಬ ಉರಿ ಹಾಗೆಯೇ ಉಳಿಯಿತು. ಅತ್ತೆಗೆ ಈಗ ಊಟ ಬಡಿಸುವುದು ವನಜ.

ಒಂದೆಲಗದ ಪಾತಿಯನ್ನು ಸುಗಂಧಿ ತಾನೇ ಅಗೆದು ಮಣ್ಣು ಮುಚ್ಚಿದಳು. ಈಗ ಅವಳು ಕೋಟೇಶ್ವರದಲ್ಲಿ ಬೇಯಿಸಿ ತಿನ್ನುವ ಹರಿವೆ, ಬಸಳೆ ಮಾತ್ರ ಮಾರುತ್ತಾಳೆ. ದಿನಾ ಬೆಳಿಗ್ಗೆ ಪೇಟೆಗೆ ಹೋಗುವ ಮೊದಲು ರಬ್ಬರ್ ಕೈಗವಸು ತೊಟ್ಟು, ತಮ್ಮ ಗದ್ದೆ ಮತ್ತು ನೆರೆಯವರ ಗದ್ದೆಗಳ ಅಂಚಿನಲ್ಲಿ ಗುಲಾಬಿ ಮೊಟ್ಟೆ ಕೆರೆದು, ಹುಳು ಹೆಕ್ಕುತ್ತಾಳೆ.